ಜೋಳವಿಲ್ಲದ ಹಗೇವು

ಅವತ್ತು ಸೋಮವಾರ. ಐವತ್ತೊಂದನೇ ಇಸವಿಯ ಯುಗಾದಿ ಕಳೆದು ಹತ್ತು ದಿನವಾಗಿತ್ತು. ನಮ್ಮವರು ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಕೂತು ಒಂದು ಸೀಸೆಗೆ ಹುಲ್ಲು ಸುತ್ತುತ್ತಿದ್ದರು. ಸೀಸೆ ಬಳ್ಳಾರಿಯ ಕೌಲ್‌ಬಜಾರಿನಿಂದ ತಂದದ್ದು, ಹೊಟ್ಟೆ ಉರುಟಾಗಿತ್ತು, ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹುಲ್ಲು ನನ್ನ ತವರು ಸಿರುಗುಪ್ಪದ ನೆಲ್ಲುಹುಲ್ಲು. ನಮ್ಮೂರು ಕುರುಗೋಡಿನಲ್ಲಿ ಎಲ್ಲ ಜೋಳದ ದಂಟು, ಸುತ್ತಲು ಬರುವುದಿಲ್ಲ.

ಪಕ್ಕದ ಮನೆಯ ಸುಂಕಪ್ಪ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು ನಿಂತ.

"ಏನಲೇ ಉಚ್ಚಂಗೆಪ್ಪ, ಸೀಸೆಗೆ ಕುಬಸ ಹೊಲಿಯಾಕ ಹತ್ತೀಯಲ್ಲ. ಮದಿವಿ ಯಾವಾಗ?"

"ಮುಂದಿನ ವಾರ. ನೀನ ಬೀಗ. ಜಳಕ ಮಾಡಿ ಬಾ, ಅಷ್ಟು ಸಾಕು."

ನಮ್ಮ ಅತ್ತೆ ಎರ್ರಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಕೂಳಿಗಾಗೋ ಕೆಲಸ ಬಿಟ್ಟು ಸೀಸಿಗೆ ಅಂಗಿ ತೊಡಸ್ತಾನ ನನ್ನ ಮಗ" ಅಂದರು. ಬೈದದ್ದಲ್ಲ. ಅವರೂ ನಗುತ್ತಿದ್ದರು.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಮೂರು ರೊಟ್ಟಿ ತಿಂದರು. ಉಂಡು ಕೈ ತೊಳೆದು ಅಂಗಳಕ್ಕೆ ಹೋಗಿ ನೆಲದೊಳಗಿನ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿಯ ಮೇಲೆ ಕಿವಿ ಇಟ್ಟು ಮಲಗಿದರು.

"ಹುಲುಗಿ, ಬಾ ಇಲ್ಲಿ. ಕಿವಿ ಇಟ್ಟು ಕೇಳು. ಮಾತಾಡಾಕ ಹತ್ತೈತಿ."

ನಾನೂ ಕಿವಿ ಇಟ್ಟೆ. ಕಲ್ಲು ಕಾದಿತ್ತು. ನನಗೆ ಏನೂ ಕೇಳಲಿಲ್ಲ. ಕೇಳಿತು ಅಂದೆ. ಅವರು ನಕ್ಕರು. ಬೆಳಿಗ್ಗೆ ಸುಂಕಪ್ಪನ ಹತ್ತಿರ ಒಂದು ಸಲ, ಈಗ ಒಂದು ಸಲ. ಲಡಾಯಿಯಿಂದ ಬಂದ ಮೇಲೆ ಒಂದೇ ದಿನ ಎರಡು ಸಲ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಮತ್ತೇನೂ ಆಗಲಿಲ್ಲ.

ಮಾರನೇ ದಿನ ಅವರು ಸತ್ತರು. ಕುಡಿದು ಸತ್ತರು ಅಂತ ಊರ ಗೌಡರು ಕಾಗದ ಬರೆದರು. ಆ ಕಾಗದ ಹರಿದು ಹೋಯಿತು, ಆದರೆ ಮಾತು ಹರಿಯಲಿಲ್ಲ. ಈಗಲೂ ಬಾವಿಕಟ್ಟೆಯಲ್ಲಿ ಆಡುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ಅವರ ಹೆಸರು ಉಚ್ಚಂಗೆಪ್ಪ. ಬದುಕಿದ್ದಾಗ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಅವರ ಅಪ್ಪ ಕುಡುಕ. ಈಚಲ ಹೆಂಡ ಕುಡಿದು ಬರುವಾಗ ಬಾವಿಗೆ ಬಿದ್ದು ಸತ್ತ. ಆಗ ನಮ್ಮವರಿಗೆ ಒಂಬತ್ತು ವರ್ಷ. ಅತ್ತೆ ಹದಿಮೂರು ದಿನ ಕಳೆದ ಮೇಲೆ ಇಬ್ಬರು ಗಂಡುಮಕ್ಕಳನ್ನೂ ದೊಡ್ಡಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ ಕಲ್ಲಿನ ಬಸವಣ್ಣನ ಕಾಲು ಮುಟ್ಟಿಸಿ ಆಣೆ ಹಾಕಿಸಿದರು. ಜೀವ ಇರುವ ತನಕ ಬಾಯಿಗೆ ಹಚ್ಚುವುದಿಲ್ಲ ಅಂತ. ಹಿರಿಯವರು ಮೈಲಾರಪ್ಪ, ನಮ್ಮ ಭಾವ. ಅವರು ಬೀಡಿ ಸಹ ಸೇದುವುದಿಲ್ಲ.

ನಮ್ಮವರು ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದರು. ಮದ್ದು ತುಂಬಿ ಬಂಡೆ ಸಿಡಿಸುವುದು ಬರುತ್ತಿತ್ತು. ನಾಲ್ವತ್ತೆರಡರಲ್ಲಿ ಬಳ್ಳಾರಿಯಲ್ಲಿ ಪಲ್ಟಣಕ್ಕೆ ಆಳು ತೆಗೆದುಕೊಳ್ಳುವಾಗ ಕಲ್ಲಿನ ಕೆಲಸ ಬಲ್ಲವರು ಬೇಕು ಅಂದರಂತೆ. ಹೋದರು. ಆಗ ನನಗೆ ಹದಿನಾರು. ಅವರು ಹೋದ ಐದು ತಿಂಗಳಿಗೆ ಒಂದು ಹೆಣ್ಣು ಹುಟ್ಟಿತು. ಹನ್ನೊಂದು ದಿನ ಇತ್ತು.

ಕಾಗದ ಬರೆಯುತ್ತಿದ್ದರು. ಊರಿನ ಹೆಸರು ಇದ್ದ ಕಡೆಯೆಲ್ಲ ಯಾರೋ ಕರಿ ಮಸಿ ಬಳಿದಿರುತ್ತಿದ್ದರು. ಒಂದು ಕಾಗದದಲ್ಲಿ ಹೀಗಿತ್ತು: "ಇಲ್ಲಿ ಊರೆಲ್ಲ ಗುಡ್ಡದ ಮೇಲೆ ಇವೆ. ನಮ್ಮಲ್ಲಿ ಗುಡ್ಡದ ಮೇಲೆ ಕೋಟೆ, ಜನ ಕೆಳಗೆ. ಇಲ್ಲಿ ಜನರೂ ಮೇಲೆ. ಹೆಂಗಸರು ನೀರಿಗೆ ದಿನಾ ಇಳಿದು ಹತ್ತುತ್ತಾರೆ. ನೀನಾಗಿದ್ದರೆ ನನ್ನನ್ನೇ ಕಳಿಸುತ್ತಿದ್ದಿ." ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಕೊನೆಯ ಸಾಲು ಬಿಟ್ಟು ಓದಿದೆ.

ನಾಲ್ವತ್ತಾರರಲ್ಲಿ ಬಂದರು. ಒಂದು ವರ್ಷ ಮಾತಿಲ್ಲ. ನಡೆಯುವಾಗ ನೆಲ ನೋಡಿಕೊಂಡೇ ನಡೆಯುವರು. ಹೊಲಕ್ಕೆ ಹೋಗುವಾಗ ನಾನು ದಾರಿ ಬಿಟ್ಟು ಬದುವಿನ ಮೇಲೆ ಕಾಲಿಟ್ಟರೆ ಕೂಗುತ್ತಿದ್ದರು. "ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡು." ಅಲ್ಲಿ ವೈರಿಗಳು ಹಿಂದೆ ಸರಿಯುವಾಗ ನೆಲದೊಳಗೆ ಮದ್ದಿನ ಡಬ್ಬಿ ಹೂತು ಹೋಗಿದ್ದರಂತೆ. ದಾರಿಯಲ್ಲಿ, ಬಾಗಿಲ ಮುಂದೆ, ತೋಟದಲ್ಲಿ. ಅದನ್ನು ಕೈಯಿಂದ ಹುಡುಕಿ ತೆಗೆಯುವುದೇ ಇವರ ಕೆಲಸವಾಗಿತ್ತು. ನಾನು ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಮ್ಮದೇ ಹೊಲಕ್ಕೆ ಹೋಗಿ ಬಂದೆ. ಊರವರು ನೋಡಿ ನಕ್ಕರು.

ಆಮೇಲೆ ಸ್ವಲ್ಪ ಸ್ವಲ್ಪ ಬಾಯಿ ಬಿಟ್ಟರು. ಬೇರೆ ಯಾವ ಊರಿನದೂ ಅಲ್ಲ, ಒಂದೇ ಸೀಮೆಯ ಮಾತು. ಇಟಲಿ ದೇಶದಲ್ಲಿ ತೊಸ್ಕಾನ ಅಂತ ಸೀಮೆ. ಅಲ್ಲಿ ನಾಲ್ವತ್ನಾಲ್ಕರ ಮಳೆಗಾಲದ ಕೊನೆಗೆ ಇದ್ದರು. ಫಿರೆಂಜೆ ಅಂತ ದೊಡ್ಡ ಪಟ್ಟಣ, ನಡುವೆ ಹೊಳೆ. ಹೊಳೆಯ ಸೇತುವೆಗಳನ್ನೆಲ್ಲ ವೈರಿಗಳು ಸಿಡಿಸಿದ್ದರು. ಒಂದು ಹಳೇ ಸೇತುವೆ ಉಳಿದಿತ್ತು. ಅದರ ಮೇಲೆ ಎರಡೂ ಕಡೆ ಅಂಗಡಿ, ಮನೆ.

"ಸೇತುವಿ ಮ್ಯಾಲ ಮನಿನಾ? ಬೆಳಿಗ್ಗೆ ಚರಿಗಿ ತಗೊಂಡು ಎಲ್ಲಿಗೆ ಹೋಗತಾರ?" ಅತ್ತೆ ಕೇಳಿದರು.

"ಹೊಳಿ ಕೆಳಗ ಐತೆಲ್ಲವ್ವ."

"ಥೂ. ಹಂಗ ಇದ್ದದ್ದಕ ಲಡಾಯಿ ಬಂತು ಅವರಿಗೆ."

ಆ ಸೀಮೆಯ ರೈತರೂ ಕೋರಿಗೆ ಮಾಡುವವರೇ. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಅರ್ಧ ತಮಗೆ. ಎತ್ತು ಬೆಳ್ಳಗೆ, ಆಳೆತ್ತರ. ವೈರಿಗಳು ಹೋಗುವಾಗ ಎತ್ತು ಹೊಡೆದುಕೊಂಡು ಹೋಗಿದ್ದರು. ಹೆಂಗಸರು ನೊಗಕ್ಕೆ ಹೆಗಲು ಕೊಟ್ಟಿದ್ದನ್ನು ಇವರು ಕಂಡರು. ದ್ರಾಕ್ಷಿ ಬಳ್ಳಿಯನ್ನು ಅವರು ಚಪ್ಪರಕ್ಕೆ ಹಬ್ಬಿಸುವುದಿಲ್ಲ. ಹೊಲದ ನಡುವೆ ಗಿಡ್ಡ ಮರ ಬೆಳೆಸಿ ಅದಕ್ಕೆ ಕಟ್ಟುತ್ತಾರೆ. ಮರಕ್ಕೂ ಬಳ್ಳಿಗೂ ಮದುವೆ ಆಯಿತು ಅನ್ನುತ್ತಾರಂತೆ. ಗುಡ್ಡದ ಇಳಿಜಾರಿಗೆಲ್ಲ ಸಾಲು ಸಾಲು ಅದೇ. ಕಲ್ಲು ನಮ್ಮ ಕಲ್ಲಿನಷ್ಟು ಗಟ್ಟಿಯಲ್ಲ, ಉಳಿ ಇಟ್ಟರೆ ಬೆಲ್ಲದ ಹಾಗೆ ಬರುತ್ತದೆ ಅನ್ನುತ್ತಿದ್ದರು.

ಅಲ್ಲಿ ಒಂದು ಮುದುಕಿ. ಎಲ್ಲರೂ ಅವಳನ್ನು ನೊನ್ನಾ ಅಂತಿದ್ದರು, ಅಂದರೆ ಅಜ್ಜಿ. ಒಬ್ಬ ಮಗನನ್ನು ಹಿಡಿದುಕೊಂಡು ಹೋಗಿದ್ದರು, ಇನ್ನೊಬ್ಬನನ್ನು ಬಾಗಿಲಲ್ಲೇ ಗುಂಡು ಹಾಕಿ ಕೊಂದಿದ್ದರು. ಅವಳ ತೋಟದಲ್ಲಿ ಹಣ್ಣು ಮಾಗಿ ನಿಂತಿತ್ತು. ನೆಲದಲ್ಲಿ ಮದ್ದಿನ ಡಬ್ಬಿ, ಯಾರೂ ಕಾಲಿಡುವ ಹಾಗಿಲ್ಲ. ಇವರು ಮತ್ತು ಸೇಲಂ ಕಡೆಯ ಒಬ್ಬರು ಮೂರು ದಿನ ಮೊಣಕಾಲೂರಿ ತೆಗೆದರು. ಸೇಲಂನವರ ಬಲಗಾಲು ಅಲ್ಲೇ ಹೋಯಿತು. ನಾಲ್ಕನೇ ದಿನ ಮುದುಕಿಯ ಮನೆಯವರು ಹಣ್ಣು ಕೊಯ್ದರು. ಸಂಜೆ ಮುದುಕಿ ಇವರನ್ನು ಒಲೆಯ ಹತ್ತಿರ ಕೂರಿಸಿ ಯಾವುದೋ ಕಾಡುಕಾಯಿ ಹಿಟ್ಟಿನ ಅಂಬಲಿ ಇಟ್ಟಳು. ಹುಲ್ಲು ಸುತ್ತಿದ ಸೀಸೆಯಿಂದ ಹಿಂದಿನ ವರ್ಷದ ದ್ರಾಕ್ಷಿರಸ ಬಗ್ಗಿಸಿದಳು. ವೀನೋ ಅನ್ನುತ್ತಾರೆ ಅದಕ್ಕೆ.

"ಕುಡಿದಿರೇನು?" ನಾನು ಕೇಳಿದೆ.

"ಕುಡದೆ. ಅವ್ವಗ ಹೇಳಬ್ಯಾಡ."

"ಹೆಂಗಿತ್ತು?"

"ನೆಲ್ಲಿಕಾಯಿ ತಿಂದು ನೀರು ಕುಡದಂಗ" ಅಂದರು.

ಆ ಮುದುಕಿಯ ಮನೆಯ ಹಿಂದೆ ಗುಡ್ಡ ಕೊರೆದು ಮಾಡಿದ ಗವಿ ಇತ್ತು. ಮೆಟ್ಟಿಲಿಳಿದು ಹೋಗಬೇಕು. ತುಳಿದ ಹಣ್ಣು ದೊಡ್ಡ ಪೀಪಾಯಿಗಳಲ್ಲಿ ಅಲ್ಲೇ ಕೊಳೆಯುತ್ತಿತ್ತು. ಅವಳು ದಿನಾ ಬೆಳಿಗ್ಗೆ ಒಂದು ಮೇಣದ ಬತ್ತಿ ಹಚ್ಚಿ, ಎದೆ ಮುಟ್ಟಿಕೊಂಡು, ಬತ್ತಿಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಇವರು ಹಿಂದೆ ಹೋಗಲು ನೋಡಿದರೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಅವರೂ ನಮ್ಮಂಗ ಹುಲುಗಿ. ದೀಪ ಹಿಡದು ಕೈ ಮುಗದು ಹೋಗತಾರ. ದ್ರಾಕ್ಷಿ ಅವರ ಲಕ್ಷ್ಮಿ. ಬ್ಯಾರೆ ಜಾತಿಯವರು ನಾವು, ಒಳಗ ಬಿಡಲಿಲ್ಲ."

ಒಳ್ಳೆ ಜನ ಅಂದೆ ನಾನು. ಭಕ್ತಿ ಇದೆ ಅಂದೆ.

ಪಲ್ಟಣದಿಂದ ಬಿಟ್ಟ ದಿನ ಬೆಂಗಳೂರಿನ ಯಾವುದೋ ತೋಟದಿಂದ ಕರಿ ದ್ರಾಕ್ಷಿಯ ಕಡ್ಡಿ ತಂದಿದ್ದರು. ಹೊಲದ ಬಾವಿಯ ಹತ್ತಿರ ನುಗ್ಗೆ ಗಿಡ ಹಚ್ಚಿ ಅದಕ್ಕೆ ಕಟ್ಟಿದರು. ದಿನಾ ಕೊಡದಲ್ಲಿ ನೀರು ಹೊತ್ತರು. ಹೊತ್ತಂತೆ ಮಾತು ಬಂತು. ಮೂರನೇ ವರ್ಷ ಕಾಯಿ ಬಿಟ್ಟಿತು. ಬಳ್ಳಾರಿಗೆ ಒಯ್ದರೆ ಜನ ಹುಳಿ ಅಂದರು, ಸಿಪ್ಪೆ ದಪ್ಪ ಅಂದರು. ಐವತ್ತೊಂದರಲ್ಲಿ ಬಹಳ ಬಿಟ್ಟಿತು. ಬಂಡಿಯಲ್ಲಿ ಹೋಗುವಷ್ಟರಲ್ಲಿ ಬಿಸಿಲಿಗೆ ಅರ್ಧ ಒಡೆದು ಸೋರಿತು. ಅವರು ಬಂಡಿ ತಿರುಗಿಸಿಕೊಂಡು ಮನೆಗೆ ಬಂದರು.

"ವೀನೋ ಮಾಡತೀನಿ" ಅಂದರು.

ಆಗ ನಾವು ಮದ್ರಾಸಿನವರ ಕೈಯಲ್ಲಿದ್ದೆವು. ಪಾನನಿಷೇಧ ಇತ್ತು. ಹೆಂಡದ ಮಡಕೆ ಸಿಕ್ಕರೆ ಜೈಲು. ನಾನು ಬೇಡ ಅಂದೆ.

"ಮಾರೂದಿಲ್ಲ. ಕುಡದು ಬೀದ್ಯಾಗ ಬೀಳೂದಿಲ್ಲ. ಆ ರುಚಿ ಇಲ್ಲಿ ಬರತೈತೋ ಇಲ್ಲೋ, ಅಷ್ಟು ನೋಡಬೇಕು. ಒಂದು ಸೀಸೆ. ಒಂದ."

"ಆಣಿ?"

"ಇಲ್ಲಿ ಬಾಯಿಗೆ ಹಚ್ಚೂದಿಲ್ಲ. ನೀ ಕುಡದು ನನಗ ಹೇಳು."

ನಾನು ನಕ್ಕುಬಿಟ್ಟೆ. ಅಲ್ಲಿಗೆ ಒಪ್ಪಿದ ಹಾಗಾಯಿತು. ಅತ್ತೆಗೆ ಕೀಲುನೋವಿನ ಔಷಧ ಅಂತ ಹೇಳಿದೆವು.

ಎಲ್ಲಿ ಇಡುವುದು? ಗವಿ ನಮ್ಮಲ್ಲಿಲ್ಲ. ಹಗೇವು ಇತ್ತು. ಜೋಳ ಹಾಕಿಡುವುದಕ್ಕೆ ಅಂಗಳದಲ್ಲಿ ತೋಡಿದ ಗುಂಡಿ ಅದು. ಎರಡಾಳುದ್ದ ಆಳ, ಒಳಗೆ ಅಗಲ, ಬಾಯಿ ಒಬ್ಬ ಇಳಿಯುವಷ್ಟು. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಆ ವರ್ಷ ನಮ್ಮ ಹಗೇವಿನಲ್ಲಿ ಜೋಳ ಇರಲಿಲ್ಲ. ತಂಪು ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ದ್ರಾಕ್ಷಿ ತುಳಿದು ಹನ್ನೊಂದು ಗಡಿಗೆ ತುಂಬಿ ಹಗ್ಗದಲ್ಲಿ ಇಳಿಸಿದೆವು. ಅವರು ಒಳಗಿಳಿದು ಸಾಲಾಗಿ ಇಟ್ಟು, ಮೇಲೆ ಬಂದು ಚಪ್ಪಡಿ ಮುಚ್ಚಿದರು. ಆ ದಿನ ಏನೂ ಆಗಲಿಲ್ಲ.

ಹಗೇವು ತೆಗೆಯುವ ಕ್ರಮ ನಮ್ಮ ಕಡೆ ಕೂಸಿಗೂ ಗೊತ್ತು. ಬಾಯಿ ತೆರೆದು ಬಿಡಬೇಕು. ಆಮೇಲೆ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಸಬೇಕು. ದೀಪ ಆರಿದರೆ ಇಳಿಯಬಾರದು. ಜೋಳ ಉಸಿರು ಬಿಟ್ಟಿದೆ ಅನ್ನುತ್ತೇವೆ. ಜೋಳದ ಉಸಿರು ಹತ್ತಿದರೆ ಮನುಷ್ಯ ಕೂಗುವಷ್ಟು ಹೊತ್ತೂ ಉಳಿಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ರಸ ಸೋಸುತ್ತೇನೆ ಅಂತ ಚಪ್ಪಡಿ ಸರಿಸಿದರು. ನಾನು ಹಿಟ್ಟು ಬೀಸುತ್ತಿದ್ದೆ.

"ಹುಲುಗಿ, ಕಂದೀಲು ಕೊಡು."

ಆಗ ಸೀಮೆಎಣ್ಣೆ ಪರ್ಮಿಟ್ಟಿನಲ್ಲಿ ಸಿಗುತ್ತಿತ್ತು. ಕಂದೀಲಿನಲ್ಲಿ ಇದ್ದದ್ದು ತಳ ಮುಚ್ಚುವಷ್ಟು. ನಾನು ಬೀಸುವ ಕಲ್ಲು ಬಿಟ್ಟು ಏಳಲಿಲ್ಲ.

"ಹಾಡಹಗಲಾಗ ಕಂದೀಲು ಯಾಕ್ರಿ? ಒಳಗ ಜೋಳ ಐತೇನು?"

ಅವರು ಬಗ್ಗಿ ಒಳಗೆ ನೋಡಿದರು. ಬೆಳಕು ತಳದ ತನಕ ಇತ್ತು.

"ಅದೂ ಖರೆ" ಅಂದರು.

ಅದು ಅವರ ಕಡೆಯ ಮಾತು. ಹಗ್ಗ ಹಿಡಿದು ಇಳಿದರು. ಗಡಿಗೆ ಒಡೆದ ಸದ್ದು ಕೇಳಿತು. ಕೈ ಜಾರಿ ಬೀಳಿಸಿದರು ಅಂದುಕೊಂಡು ನಾನು ಒಂದು ಮುಷ್ಟಿ ಜೋಳ ಕಲ್ಲಿಗೆ ಹಾಕಿದೆ. ಅದನ್ನು ಬೀಸಿದೆ. ಆಮೇಲೆ ಎದ್ದು ಹೋಗಿ ನೋಡಿದೆ.

ನನ್ನ ಕೂಗಿಗೆ ಭಾವ ಮೈಲಾರಪ್ಪ ಓಡಿ ಬಂದರು. ಹಗ್ಗ ಹಿಡಿದು ಇಳಿಯಲು ಹೋದರು. ಎದೆಯ ತನಕ ಇಳಿದು ತಲೆ ಬಗ್ಗಿಸಿದವರೇ ಕಣ್ಣು ಮೇಲೆ ಮಾಡಿದರು. ಹಿಂದೆಯೇ ಓಡಿ ಬಂದಿದ್ದ ಸುಂಕಪ್ಪ ರಟ್ಟೆ ಹಿಡಿದು ಎಳೆದುಕೊಂಡ. ಭಾವ ನೆಲದ ಮೇಲೆ ಬಿದ್ದು ವಾಂತಿ ಮಾಡಿದರು.

"ಏನಾತು ಮೈಲಾರಣ್ಣ?"

"ವಾಸನಿ... ವಾಸನಿಗೇ ತಲಿ ತಿರಗಿತು."

ಆ ಒಂದು ಮಾತಿನಿಂದ ಎಲ್ಲ ಕೆಟ್ಟಿತು. ಬರೀ ವಾಸನೆಗೆ ಕುಡಿಯದ ಮೈಲಾರಪ್ಪನ ತಲೆ ತಿರುಗಿದರೆ, ಕುಡಿದವನ ಗತಿ ಏನು ಅಂತ ಜನ ಆಡಿಕೊಂಡರು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಇಳಿಬಿಟ್ಟು ಅವರ ಸೊಂಟದ ಪಟ್ಟಿಗೆ ಸಿಕ್ಕಿಸಿ ಎಳೆದರು. ಬಿದ್ದಾಗ ನಾಲ್ಕು ಗಡಿಗೆ ಒಡೆದಿದ್ದವು. ಅಂಗಿ, ಪಂಚೆ, ಕೂದಲು ಎಲ್ಲ ಕೆಂಪಗೆ ತೊಯ್ದಿತ್ತು. ಅಂಗಳದ ತುಂಬ ಹೆಂಡದಂಗಡಿಯ ವಾಸನೆ.

ಅತ್ತೆ ಮಗನ ಮುಖ ನೋಡಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು. ಗಂಡನ ಹೆಣ ಬಾವಿಯಿಂದ ತೆಗೆದಾಗಲೂ ಇದೇ ವಾಸನೆ ಇತ್ತಂತೆ.

ಗೌಡರು ಚಿದಾನಂದಪ್ಪ ಬಂದರು. ಬಗ್ಗಿ ನೋಡಿದರು, ಗಡಿಗೆಗಳನ್ನು ಎಣಿಸಿದರು. ಚಪ್ಪಡಿ ಎಳೆಸಿ ಮುಚ್ಚಿಸಿದರು.

"ನಾಳೆ ಪೋಲೀಸಿನವರು ಬರತಾರ. ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ. ನಾ ಏನು ಬರೀಲೆವ್ವ? ಕಂಡದ್ದು ಬರೀಬೇಕು. ಕುಡದು ಇಳಿದ, ಬಿದ್ದ, ಸತ್ತ."

"ಕುಡದಿಲ್ರಿ ಗೌಡ್ರ."

"ಹಂಗಾದರ ಹೆಂಗ ಸತ್ತ? ಹಗೇವಿನ ಗಾಳಿ ಅನ್ನಾಕ ಒಳಗ ಒಂದು ಕಾಳು ಜೋಳ ಇಲ್ಲ."

ನನಗೂ ಗೊತ್ತಿರಲಿಲ್ಲ ಹೇಗೆ ಸತ್ತರು ಅಂತ.

ಓಣಿಯವರು ಬಂದು ಅವರ ಮೈ ತೊಳೆದರು, ಬೇರೆ ಬಟ್ಟೆ ಉಡಿಸಿದರು. ಅತ್ತೆ ಒಳಗಿಂದ ನನ್ನನ್ನು ಕರೆದರು.

"ಅಲ್ಲಿ ಇಟಲ್ಯಾಗ ಕುಡದಿದ್ದನೇನು? ನಿನಗ ಹೇಳಿರತಾನ. ಖರೆ ಹೇಳು."

"ಇಲ್ಲತ್ತಿ" ಅಂದೆ.

ಅದು ಸುಳ್ಳು. ಇಲ್ಲಿ ಬರೆದಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ.

ಹೊತ್ತು ಮುಳುಗಿತು. ಹೆಣದ ತಲೆಯ ಹತ್ತಿರ ದೀಪ ಇಡಬೇಕು. ನಾನು ಹಣತೆಗೆ ಎಣ್ಣೆ ಹಾಕಿ ಹಚ್ಚಿ ಎರಡೂ ಕೈಯಲ್ಲಿ ಹಿಡಿದು ತಂದೆ. ಇಡುವುದಕ್ಕೆ ಬಗ್ಗಿದೆ. ದೀಪ ನನ್ನ ಮೊಣಕಾಲಿನ ಮಟ್ಟಕ್ಕೆ ಬಂತು. ಅಲ್ಲೇ ನಿಂತುಬಿಟ್ಟೆ.

ಆ ಮುದುಕಿ ಬತ್ತಿಯನ್ನು ಎದೆಯ ಹತ್ತಿರ ಯಾಕೆ ಹಿಡಿಯಲಿಲ್ಲ? ದೇವರಿಗಾದರೆ ಮೇಲೆ ಹಿಡಿಯುತ್ತಾರೆ. ಕತ್ತಲಿಗಾದರೆ ಮುಖದ ಮುಂದೆ ಹಿಡಿಯುತ್ತಾರೆ. ಮೊಣಕಾಲಿನ ಮಟ್ಟಕ್ಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದು ದೀಪ ಆರುತ್ತದೋ ಇಲ್ಲವೋ ನೋಡುವುದಕ್ಕೆ. ನಾವು ಹಗ್ಗಕ್ಕೆ ಕಟ್ಟಿ ಇಳಿಸುವುದನ್ನು ಅವಳು ಕೈಯಲ್ಲಿ ಹಿಡಿದು ಇಳಿಸುತ್ತಿದ್ದಳು. ಇವರಿಗೆ ಅಡ್ಡ ಹಿಡಿದ ಕೈ ಜಾತಿಯ ಕೈ ಅಲ್ಲ. ದ್ರಾಕ್ಷಿಯೂ ಉಸಿರು ಬಿಡುತ್ತದೆ. ಅದನ್ನು ಅವಳು ಬಲ್ಲಳು. ಜೋಳದ್ದು ನಾವು ಬಲ್ಲೆವು. ನಮ್ಮವರು ಎರಡನ್ನೂ ಕಣ್ಣಾರೆ ಕಂಡಿದ್ದರು, ಆದರೂ ಅವಳದ್ದನ್ನು ಪೂಜೆ ಅಂದುಕೊಂಡರು. ನಾನೂ ಭಕ್ತಿ ಅಂದೆ.

ಅಲ್ಲಿಗೆ ನನಗೆ ತಿಳಿಯಿತು, ಅವರು ಹೇಗೆ ಸತ್ತರು ಅಂತ. ಯಾರ ಮಾತಿನಿಂದ ಸತ್ತರು ಅಂತಲೂ ತಿಳಿಯಿತು. ಕುಡಿದಿಲ್ಲ ಅಂತ ತೋರಿಸಬೇಕಾದರೆ ಎರಡನ್ನೂ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ಬರುವುದಿಲ್ಲ.

ಬೆಳಿಗ್ಗೆ ಗೌಡರು ಕಾಗದ ಹಿಡಿದು ಬಂದರು. ಊರವರು ಸೇರಿದ್ದರು. ನಾನು ಒಳಗಿಂದ ಕಂದೀಲು ತಂದೆ, ಹಗ್ಗ ತಂದೆ.

"ಸುಂಕಪ್ಪ, ಚಪ್ಪಡಿ ಸರಸು."

"ಏ, ಹೆಣ ಅಂಗಳದಾಗ ಇಟ್ಕೊಂಡು ಏನವ್ವ ಇದು?" ಯಾರೋ ಅಂದರು. ಇನ್ನೊಬ್ಬರು ಅಂದರು, "ತಲಿ ಕೆಟ್ಟೈತಿ, ಒಳಗ ಕರಕೊಂಡು ಹೋಗ್ರಿ."

ಸುಂಕಪ್ಪ ನನ್ನ ಮುಖ ನೋಡಿದ. ಚಪ್ಪಡಿ ಸರಿಸಿದ. ನಾನು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ಒಂದು ಮೊಳ. ಉರಿಯಿತು. ಎರಡು ಮೊಳ. ಬತ್ತಿ ಸಣ್ಣದಾಯಿತು. ಮೂರನೇ ಮೊಳಕ್ಕೆ ಯಾರೋ ಊದಿದ ಹಾಗೆ ಆರಿತು.

ಮೇಲೆಳೆದು ಮತ್ತೆ ಹಚ್ಚಿ ಇಳಿಸಿದೆ. ಮತ್ತೆ ಆರಿತು. ಮೂರನೇ ಸಲ ಗೌಡರೇ ಹಗ್ಗ ಕೈಗೆ ತೆಗೆದುಕೊಂಡರು. ಅವರ ಕೈಯಲ್ಲೂ ಆರಿತು.

"ಜೋಳ ಇಲ್ಲಲ್ಲ" ಅಂದರು ಗೌಡರು.

"ದ್ರಾಕ್ಷಿನೂ ಉಸಿರು ಬಿಡತೈತ್ರಿ. ಕುಡದು ಸತ್ತಿಲ್ಲ. ಗಾಳಿ ಹತ್ತಿ ಸತ್ತಾರ."

ಗೌಡರು ಕಾಗದವನ್ನು ನಾಲ್ಕು ಚೂರು ಮಾಡಿ ಹರಿದರು. ನ್ಯಾಯವಂತರು, ಇಲ್ಲ ಅನ್ನುವುದಿಲ್ಲ. ಆದರೆ ಕೇಳುವುದನ್ನು ಕೇಳಿದರು.

"ಲಡಾಯ್ಯಾಗ ಮದ್ದು ತೆಗದವ. ಹಗೇವಿಗೆ ದೀಪ ಇಳಸಬೇಕು ಅಂತ ಗೊತ್ತಿರಲಿಲ್ಲೇನು ಅವಗ?"

ಅತ್ತೆ ಬಾಗಿಲ ಹತ್ತಿರ ಬಂದು ನಿಂತಿದ್ದರು. ಸುಮ್ಮನಿದ್ದರೆ ನಮ್ಮವರು ದಡ್ಡರಾಗುತ್ತಿದ್ದರು. ಕುಡುಕ ಅನ್ನುವುದಕ್ಕಿಂತ ಅದು ಕಡಿಮೆ ಅಂತ ಊರು ಅಲ್ಲಿಗೆ ಬಿಡುತ್ತಿತ್ತು.

"ಕಂದೀಲು ಕೇಳಿದರು. ನಾ ಕೊಡಲಿಲ್ಲ. ಜೋಳ ಇಲ್ಲ, ದೀಪ ಯಾಕ ಅಂದೆ" ಅಂದೆ.

ಅತ್ತೆ ಮೆಲ್ಲಗೆ ಅಂಗಳಕ್ಕಿಳಿದರು. ಹೆಣದ ಹತ್ತಿರ ಕೂತು ಮಗನ ಗದ್ದ ಹಿಡಿದು, ಅವರ ಬಾಯಿಗೆ ತಮ್ಮ ಮೂಗು ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

"ಇಲ್ಲ. ನನ್ನ ಮಗನ ಬಾಯಾಗ ಇಲ್ಲ" ಅಂದರು.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಎಣ್ಣಿ ಎಷ್ಟು ಉಳೀತು?"

ನನ್ನ ಹತ್ತಿರ ಅವರು ಆಡಿದ ಕೊನೆಯ ಮಾತು ಅದು. ಎರಡೂವರೆ ವರ್ಷವಾಯಿತು.

ಮಧ್ಯಾಹ್ನ ಪೋಲೀಸಿನವರು ಬಂದರು, ಗಡಿಗೆ ಇಟ್ಟವರೇ ಇಲ್ಲ ಅಂತ ಕೇಸು ಮಾಡದೆ ಹೋದರು. ಗೌಡರು ಹೊಸ ಕಾಗದ ಬರೆದರು. ಹಗೇವಿನ ಗಾಳಿ ಹತ್ತಿ ಮೃತ ಅಂತ. ನನ್ನ ಮಾತನ್ನು ಅದರಲ್ಲಿ ಬರೆಯಲಿಲ್ಲ. ಉಳಿದ ಗಡಿಗೆಗಳನ್ನು ಮೇಲಿಂದ ಕಲ್ಲು ಹಾಕಿ ಒಡೆದರು. ನಮ್ಮವರನ್ನು ಹೊಲದಲ್ಲಿ ಮಣ್ಣು ಮಾಡಿದೆವು. ಭಾವ ಹೆಗಲು ಕೊಟ್ಟರು, ಸುಂಕಪ್ಪ ಹೆಗಲು ಕೊಟ್ಟ. ಬಾವಿಕಟ್ಟೆಯಲ್ಲಿ ಕೆಲವರು ಈಗಲೂ ಕುಡಿದು ಸತ್ತ ಅನ್ನುತ್ತಾರೆ. ಇನ್ನು ಕೆಲವರು ಹೆಂಡತಿ ಕೊಂದಳು ಅನ್ನುತ್ತಾರೆ. ಎರಡನೆಯದಕ್ಕೆ ನಾನು ತಿರುಗಿ ಮಾತಾಡುವುದಿಲ್ಲ.

ತವರಿನಿಂದ ನನ್ನ ಅಣ್ಣ ಎರಡು ಸಲ ಬಂದ. "ಸಿರುಗುಪ್ಪಕ್ಕ ನಡಿ. ಇಲ್ಲಿ ಯಾರು ಅದಾರ ನಿನಗ?" ಅಂದ. ನಾನು ಹೋಗಲಿಲ್ಲ. ಅತ್ತೆಯ ಒಂದು ಕಣ್ಣಿಗೆ ಹೂವು ಬಿದ್ದು ಕಾಣುವುದಿಲ್ಲ. ಭಾವನ ಮನೆಗೆ ಅವರು ಹೋಗಲಿಲ್ಲ, ನನ್ನನ್ನು ಹೋಗು ಅನ್ನಲೂ ಇಲ್ಲ. ನಾನು ತಟ್ಟಿದ ರೊಟ್ಟಿ ತಿನ್ನುತ್ತಾರೆ. ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ, ನೆಲಕ್ಕಿಟ್ಟ ಮೇಲೆ ತೆಗೆದುಕೊಳ್ಳುತ್ತಾರೆ. ನೀರು ಹೊರುವವರಿಲ್ಲದೆ ಬಳ್ಳಿ ಒಣಗಿದವು. ನುಗ್ಗೆ ಮರ ಇವೆ. ಈ ವರ್ಷ ಬಳ್ಳಾರಿ ಮೈಸೂರಿಗೆ ಸೇರಿತು ಅಂತ ಊರಲ್ಲಿ ಸಕ್ಕರೆ ಹಂಚಿದರು. ಅತ್ತೆ ತಮ್ಮ ಪಾಲು ತಿಂದರು, ನನ್ನದನ್ನು ಗೂಡಿನಲ್ಲಿಟ್ಟರು.

ಹೋದ ಸುಗ್ಗಿಯಲ್ಲಿ ಭಾವ ಆ ಹಗೇವಿಗೆ ಜೋಳ ಹಾಕುತ್ತೇನೆ ಅಂದರು. ನಾನು ಬೇಡ ಅಂದೆ. ಹಾಗಾದರೆ ಮಣ್ಣು ಹೊಡೆಸಿ ಮುಚ್ಚುತ್ತೇನೆ ಅಂದರು. ಕರೆದ ಆಳುಗಳು ಅದರ ಬಾಯಿಯ ಹತ್ತಿರ ಬರಲು ಒಪ್ಪಲಿಲ್ಲ. ನಾನೇ ಮುಚ್ಚುತ್ತೇನೆ ಅಂದೆ.

ಬೆಳಿಗ್ಗೆ ಎದ್ದು ಕಸ ಹೊಡೆಯುತ್ತೇನೆ. ಅಷ್ಟರಲ್ಲಿ ಅತ್ತೆ ಒಲೆಯ ಬೂದಿ ತೆಗೆದು ಬುಟ್ಟಿಗೆ ತುಂಬಿ ಹೊಸ್ತಿಲ ಆಚೆ ಇಟ್ಟಿರುತ್ತಾರೆ. ಯಾರೂ ಹೇಳಿದ್ದಲ್ಲ, ಹೋದ ಶ್ರಾವಣದಿಂದ ಇಡುತ್ತಿದ್ದಾರೆ. ನಾನು ಅದರ ಮೇಲೆ ಕಸ ಹಾಕಿ, ಹಿತ್ತಲಿನಿಂದ ಎರಡು ಬೊಗಸೆ ಮಣ್ಣು ಹಾಕಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋಗಿ ಹಗೇವಿಗೆ ಸುರಿಯುತ್ತೇನೆ. ಬಗ್ಗುವುದಿಲ್ಲ, ನಿಂತೇ ಸುರಿಯುತ್ತೇನೆ. ಬೂದಿ ಮೇಲಕ್ಕೆ ಏಳುತ್ತದೆ. ಅದು ಕೂರುವ ತನಕ ನಿಂತಿದ್ದು, ಬುಟ್ಟಿ ಕೊಡವಿ, ತಂದು ಒಲೆಯ ಹತ್ತಿರ ಇಡುತ್ತೇನೆ. ಇನ್ನೂ ಒಂದಾಳುದ್ದ ಉಳಿದಿದೆ.